ಯುದ್ಧಮಧ್ಯದ ವಿಜಯವಾಕ್ಯಗಳು

(೧)

ಯುದ್ಧವು ಮುಗಿದ ಮೇಲೆ ಗೆದ್ದವರು ಯಾರು, ಸೋತವರು ಯಾರು ಎಂದು ಹೇಳುವುದಕ್ಕೆ ವಿಶೇಷ ಪಾಂಡಿತ್ಯವು ಬೇಕಾಗಿಲ್ಲ. ಯುದ್ಧವು ಇನ್ನೂ ನಡೆಯುತ್ತಿರುವಾಗ, ಜಯವು ಸಮೀಪಿಸಿತೆಂದೂ ಶತ್ರುವು ಕುಗ್ಗಿದನೆಂದೂ ಇನ್ನು ಉಳಿದಿರುವುದು ಸ್ವಲ್ಪವೇ ಎಂದೂ ಅಧಿಕಾರಸ್ಥರು ಸಾರುವ ಮಾತುಗಳನ್ನು ಹೇಗೆ ಗ್ರಹಿಸಬೇಕು ಎಂಬುದೇ ಕಠಿನವಾದ ವಿಷಯ. ಈ ಜಾತಿಯ ಮಾತುಗಳಿಗೆ ಈ ಲೇಖನದಲ್ಲಿ ‘ವಿಜಯವಾಕ್ಯ’ ಎಂದು ಹೆಸರಿಡೋಣ. ಇವುಗಳ ವಿಷಯದಲ್ಲಿ ಲೋಕದಲ್ಲಿ ಎರಡು ಪಕ್ಷಗಳು ಕಂಡುಬರುತ್ತವೆ. ಪ್ರಭುವಿನ ಮಾತಾದುದರಿಂದ ಅದು ಪ್ರಮಾಣವೆಂಬುದು ಒಂದು ಪಕ್ಷ. ಪ್ರಭುವಿನ ಮಾತಾದುದರಿಂದಲೇ ಅದು ಸುಳ್ಳೆಂಬುದು ಮತ್ತೊಂದು ಪಕ್ಷ. ಎರಡಕ್ಕೂ ಒಂದು ದೋಷವು ಸಮಾನವಾಗಿದೆ. ವಾಕ್ಯವನ್ನು ಪದಪದವಾಗಿ ಓದುವ ಶ್ರಮವನ್ನು ಎರಡೂ ತಪ್ಪಿಸಿಕೊಳ್ಳುತ್ತವೆ.

ನಮ್ಮ ಉಪಾಧ್ಯಾಯರಲ್ಲಿ ಅನೇಕರು ಈ ಎರಡು ಪಕ್ಷಗಳನ್ನೂ ಏಕಕಾಲದಲ್ಲಿ ಹಿಡಿದಿರುವುದು ಆಶ್ಚರ್ಯಕರವಾಗಿದೆ. ತರಗತಿಯಲ್ಲಿ ಐಹೊಳೆಯ ಪ್ರಶಸ್ತಿಯನ್ನು ಪಾಠ ಹೇಳುವಾಗ ರವಿಕೀರ್ತಿಯ ಒಂದೊಂದು ಶ್ಲೋಕವನ್ನೂ ಒಂದೊಂದು ಜಯಪತ್ರವೆಂದು ಬೋಧಿಸುತ್ತಾರೆ. ಸಂಜೆ ವೃತ್ತಪತ್ರಿಕೆಯಲ್ಲಿ ದೂರದೇಶದ ಸೇನಾಪತಿಯ ಹೇಳಿಕೆಯನ್ನು ಓದುವಾಗ ಎಲ್ಲವೂ ಬೂಟಾಟಿಕೆಯೆಂದು ತಳ್ಳಿಬಿಡುತ್ತಾರೆ. ಒಂದೇ ಜಾತಿಯ ವಾಕ್ಯಕ್ಕೆ ಎರಡು ನ್ಯಾಯಗಳು ಹೇಗೆ ಸಲ್ಲುತ್ತವೆ? ಎರಡಕ್ಕೂ ಸಲ್ಲುವ ಒಂದೇ ಪರೀಕ್ಷಾಕ್ರಮವನ್ನು ನಿರೂಪಿಸುವುದು ಈ ಲೇಖನದ ಉದ್ದೇಶ. ಮೊದಲು, ವೈರವೆಲ್ಲ ಆರಿಹೋಗಿರುವ ಏಳನೆಯ ಶತಮಾನದ ಚಾಳುಕ್ಯ-ಪಲ್ಲವ ಯುದ್ಧದಲ್ಲಿ ಆ ಕ್ರಮವನ್ನು ಪ್ರಯೋಗಿಸಿ, ತರುವಾಯ ನಮ್ಮ ಕಾಲಕ್ಕೆ ಹತ್ತಿರವಾದ ಯುದ್ಧಗಳಿಗೆ ಅದು ಸಲ್ಲುವುದೋ ಇಲ್ಲವೋ ನೋಡೋಣ.

(೨)

ವಾಕ್ಯಪರೀಕ್ಷೆಯಲ್ಲಿ ನಮ್ಮ ಪೂರ್ವಿಕರಲ್ಲಿ ಮೀಮಾಂಸಕರಷ್ಟು ಶ್ರಮಪಟ್ಟವರು ವಿರಳ. ವೇದದಲ್ಲಿ ‘ಇದನ್ನು ಮಾಡು’ ಎನ್ನುವ ವಿಧಿವಾಕ್ಯಗಳ ಪಕ್ಕದಲ್ಲಿ ಸ್ತುತಿನಿಂದಾರೂಪವಾದ ವಾಕ್ಯಗಳೂ ಇವೆ. ಇವುಗಳನ್ನು ಅವರು ಅರ್ಥವಾದಗಳೆಂದು ಕರೆದು ಮೂರು ಬಗೆಯಾಗಿ ವಿಂಗಡಿಸಿದರು. ಯಜ್ಞದ ಯೂಪಸ್ತಂಭವು ಸೂರ್ಯನೇ ಎಂಬ ಮಾತು ಪ್ರತ್ಯಕ್ಷಕ್ಕೆ ವಿರುದ್ಧ; ಹೊಳಪೆಂಬ ಗುಣಸಾಮ್ಯದಿಂದ ಮಾತ್ರ ಅದು ಅರ್ಥವಾಗುತ್ತದೆ; ಇದು ಗುಣವಾದ. ಬೆಂಕಿಯು ಚಳಿಗೆ ಮದ್ದು ಎಂಬುದು ಬೇರೆ ಪ್ರಮಾಣದಿಂದಲೂ ತಿಳಿದಿರುವ ಸಂಗತಿ, ಇದು ಅನುವಾದ. ಇಂದ್ರನು ವೃತ್ರನ ಮೇಲೆ ವಜ್ರವನ್ನೆತ್ತಿದನು ಎಂಬುದಕ್ಕೆ ಬೇರೆ ಪ್ರಮಾಣದ ವಿರೋಧವೂ ಇಲ್ಲ, ಸಮರ್ಥನೆಯೂ ಇಲ್ಲ, ಇದು ಭೂತಾರ್ಥವಾದ. ಮೂರಕ್ಕೂ ಸ್ವತಂತ್ರವಾದ ತಾತ್ಪರ್ಯವಿಲ್ಲ. ಪಕ್ಕದಲ್ಲಿರುವ ವಿಧಿಯಲ್ಲಿ ಶ್ರೋತೃವಿಗೆ ಪ್ರವೃತ್ತಿಯನ್ನು ಹುಟ್ಟಿಸುವುದೇ ಅವುಗಳ ಪ್ರಯೋಜನ.

ವಿಜಯವಾಕ್ಯವೂ ಒಂದು ಅರ್ಥವಾದವೇ. ಅದರ ಪಕ್ಕದಲ್ಲಿ ಬಾಯಿಬಿಟ್ಟು ಹೇಳದ ಒಂದು ವಿಧಿಯಿರುತ್ತದೆ: ಪ್ರಜೆಗಳು ಇನ್ನೂ ಕಂದಾಯವನ್ನು ಕೊಡಬೇಕು, ಮಕ್ಕಳನ್ನು ದಂಡಿಗೆ ಕಳುಹಿಸಬೇಕು, ಸಾಮಂತರು ಪಕ್ಷವನ್ನು ಬದಲಿಸದೆ ಇರಬೇಕು. ಕೌಟಿಲ್ಯನು ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ರಾಜನು ಸರ್ವಜ್ಞನೆಂದೂ ದೇವತೆಗಳ ಸಹವಾಸವುಳ್ಳವನೆಂದೂ ಜೋಯಿಸರೇ ಮೊದಲಾದವರು ಸಾರಿ ತನ್ನ ಪಕ್ಷಕ್ಕೆ ಉತ್ಸಾಹವನ್ನೂ ಪರಪಕ್ಷಕ್ಕೆ ಉದ್ವೇಗವನ್ನೂ ಉಂಟುಮಾಡಬೇಕೆಂಬುದು ಅರ್ಥಶಾಸ್ತ್ರದ ಉಪದೇಶ.

ಆದರೆ ಒಂದು ಭೇದವನ್ನು ಮರೆಯಲಾಗದು. ವೇದವು ಅಪೌರುಷೇಯವಾದುದರಿಂದ ಅಲ್ಲಿ ವಕ್ತೃವಿನ ದೋಷಕ್ಕೆ ಅವಕಾಶವಿಲ್ಲವೆಂಬುದು ಮೀಮಾಂಸಕರ ಮತ. ಪ್ರಭುವಾಕ್ಯವಾದರೋ ಪೌರುಷೇಯ. ಪುರುಷವಾಕ್ಯಕ್ಕೆ ಶಾಸ್ತ್ರಜ್ಞರು ಹೇಳುವ ದೋಷಗಳು ನಾಲ್ಕು: ಭ್ರಮ, ಪ್ರಮಾದ, ವಿಪ್ರಲಿಪ್ಸೆ, ಕರಣಾಪಾಟವ. ಒಂದನ್ನು ಮತ್ತೊಂದೆಂದು ತಿಳಿಯುವುದು ಭ್ರಮ, ಎಚ್ಚರದಪ್ಪುವುದು ಪ್ರಮಾದ, ವಂಚಿಸುವ ಇಚ್ಛೆಯು ವಿಪ್ರಲಿಪ್ಸೆ, ತಿಳಿಯುವ ಸಾಧನವೇ ಕುಂಠಿತವಾಗಿರುವುದು ಕರಣಾಪಾಟವ. ವಿಜಯವಾಕ್ಯವು ಹುಸಿಯಾದಾಗ ಜನರು ವಿಪ್ರಲಿಪ್ಸೆಯೊಂದನ್ನೇ ಎತ್ತಿ ಆಡುತ್ತಾರೆ. ಉಳಿದ ಮೂರು ಅದಕ್ಕಿಂತ ಹೆಚ್ಚು ಕೇಡನ್ನು ಮಾಡಬಲ್ಲವು. ವಂಚಕನಿಗೆ ನಿಜವು ತಿಳಿದಿರುತ್ತದೆ. ಭ್ರಾಂತನಿಗೆ ಅದೂ ಇಲ್ಲ.

ವಾಕ್ಯವು ಅಕ್ಷರಶಃ ನಿಜವಾಗಿದ್ದೂ ವಂಚಿಸಬಹುದೆಂಬುದಕ್ಕೆ ಮಹಾಭಾರತದ ದ್ರೋಣಪರ್ವವೇ ಸಾಕ್ಷಿ. ಭೀಮನು ಕೊಂದದ್ದು ಅಶ್ವತ್ಥಾಮನೆಂಬ ಆನೆಯನ್ನು. ದ್ರೋಣನ ಕಿವಿಗೆ ಬಿದ್ದುದು ಮಗನ ಮರಣ. ನುಡಿದವನು ಧರ್ಮರಾಜನಾದುದರಿಂದಲೇ ಆ ಮಾತಿಗೆ ಬಲವು ಬಂದಿತು. ಆದುದರಿಂದ ವಕ್ತೃವು ಸತ್ಯವಂತನೆಂಬ ಒಂದೇ ಕಾರಣದಿಂದ ಯುದ್ಧಮಧ್ಯದ ವಾಕ್ಯವನ್ನು ಒಪ್ಪಲಾಗದು. ಯಾವ ಪದವು ಗಟ್ಟಿಯಾಗಿ ಕೇಳಿಸಿತು, ಯಾವುದು ಮೆಲ್ಲಗೆ ಕೇಳಿಸಿತು ಎಂಬುದನ್ನು ವಿಚಾರಿಸಬೇಕು.

(೩)

ಇನ್ನು ಐಹೊಳೆಯ ಪ್ರಶಸ್ತಿಯನ್ನು ನೋಡೋಣ. ಮೇಗುತಿಯ ಜಿನಾಲಯದ ಗೋಡೆಯಲ್ಲಿರುವ ಈ ಶಾಸನದ ಕಾಲವು ಶಕ ೫೫೬, ಎಂದರೆ ಕ್ರಿ.ಶ. ೬೩೪-೩೫. ಕರ್ತೃವಾದ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ಪ್ರಸಾದಕ್ಕೆ ಪಾತ್ರನಾದವನು; ಕಾಳಿದಾಸ ಭಾರವಿಗಳ ಕೀರ್ತಿಯನ್ನು ತಾನೂ ಪಡೆದನೆಂದು ಹೇಳಿಕೊಂಡವನು. ಕವಿಯ ಶಕ್ತಿಯನ್ನು ಕುರಿತು ಇಲ್ಲಿ ವಿವಾದವಿಲ್ಲ. ಈ ಕಾವ್ಯವು ರಚಿತವಾದಾಗ ಪಲ್ಲವರೊಡನೆ ಯುದ್ಧವು ಮುಗಿದಿರಲಿಲ್ಲವೆಂಬ ಸಂಗತಿಯನ್ನು ಮಾತ್ರ ವಾಚಕರು ನೆನಪಿನಲ್ಲಿಡಬೇಕು. ಇನ್ನು ಏಳೆಂಟು ವರ್ಷಗಳಲ್ಲಿ, ಸುಮಾರು ೬೪೨ರಲ್ಲಿ, ವಾತಾಪಿಯು ಪಲ್ಲವ ನರಸಿಂಹವರ್ಮನ ವಶವಾಗಲಿದ್ದಿತು. ಆದುದರಿಂದ ಐಹೊಳೆಯ ಪ್ರಶಸ್ತಿಯು ಯುದ್ಧಮಧ್ಯದ ವಾಕ್ಯವೇ ಹೊರತು ಯುದ್ಧಾಂತದ ವಾಕ್ಯವಲ್ಲ.

ಮೊದಲು ಹರ್ಷನ ಪ್ರಸಂಗ. ಯುದ್ಧದಲ್ಲಿ ಗಜಸೈನ್ಯವು ಬಿದ್ದುದನ್ನು ಕಂಡು ಹರ್ಷನು ಭಯದಿಂದ ಹರ್ಷವನ್ನು ಕಳೆದುಕೊಂಡನೆಂದು ಕವಿಯು ಹೆಸರಿನ ಮೇಲೆ ಶ್ಲೇಷೆಯನ್ನಾಡಿದ್ದಾನೆ. ಶ್ಲೇಷೆಯು ಕವಿಯದು, ಸಂಗತಿಯು ಕವಿಯದೊಂದೇ ಅಲ್ಲ. ಚೀನದ ಯಾತ್ರಿಕನಾದ ಹ್ಯೂಯೆನ್‌ತ್ಸಾಂಗನು ಹರ್ಷನ ಗೌರವಕ್ಕೆ ಪಾತ್ರನಾಗಿದ್ದವನು. ಅವನೇ, ಆ ಚಕ್ರವರ್ತಿಯು ಪುಲಕೇಶಿಯ ನಾಡನ್ನು ಅಧೀನಪಡಿಸಿಕೊಳ್ಳಲಾರದೆ ಹೋದನೆಂದು ಬರೆದಿಟ್ಟಿದ್ದಾನೆ. ಎದುರುಪಕ್ಷದ ಸ್ನೇಹಿತನಿಂದ ಬಂದ ಈ ಸಾಕ್ಷ್ಯದಿಂದ ರವಿಕೀರ್ತಿಯ ವಾಕ್ಯವು ಅನುವಾದದ ಪದವಿಯನ್ನು ಪಡೆಯಿತು. ಇದನ್ನು ನಂಬಲು ಅಡ್ಡಿಯಿಲ್ಲ.

ಎರಡನೆಯದು ಪಿಷ್ಟಪುರದ ಪ್ರಸಂಗ. ಆ ಕೋಟೆಯು ಪುಲಕೇಶಿಯಿಂದ ಪುಡಿಯಾಗಿ, ದುರ್ಗವೆಂಬ ಹೆಸರಿದ್ದರೂ ದುರ್ಗಮವಲ್ಲದಂತಾಯಿತೆಂದು ಕವಿಯು ಹೇಳುತ್ತಾನೆ. ಇಲ್ಲಿಯೂ ಶಬ್ದಚಮತ್ಕಾರವುಂಟು, ಆದರೆ ಕ್ರಿಯೆಯು ಸ್ಪಷ್ಟವಾಗಿದೆ. ಕೋಟೆಯು ಒಳಹೊಗಬಲ್ಲದ್ದಾಯಿತು. ಮುಂದೆ ಪುಲಕೇಶಿಯ ತಮ್ಮನಾದ ಕುಬ್ಜವಿಷ್ಣುವರ್ಧನನ ವಂಶದವರು ವೇಂಗಿಯಲ್ಲಿ ನೆಲೆನಿಂತು ಶತಮಾನಗಳ ಕಾಲ ಆಳಿದರು. ಫಲದಿಂದ ವಾಕ್ಯವು ಸಮರ್ಥಿತವಾಯಿತು.

ಮೂರನೆಯದು ಕಾಂಚಿಯ ಪ್ರಸಂಗ. ನಮ್ಮ ಪಠ್ಯಪುಸ್ತಕಗಳು ಮೈಮರೆಯುವುದು ಇಲ್ಲಿಯೇ. ತನ್ನ ಬಲದ ಏಳಿಗೆಗೆ ಎದುರಾಗಿ ನಿಂತ ಪಲ್ಲವಪತಿಯ ಪ್ರತಾಪವನ್ನು, ಸೇನೆಯ ಧೂಳಿನಿಂದ ಮುಸುಕಿದ ಕಾಂಚೀಪುರದ ಪ್ರಾಕಾರದ ಮರೆಗೆ ಹೋಗುವಂತೆ ಪುಲಕೇಶಿಯು ಮಾಡಿದನೆಂಬುದು ಶ್ಲೋಕದ ಭಾವ. ಇದನ್ನು ‘ಪುಲಕೇಶಿಯು ಕಾಂಚಿಯನ್ನು ಗೆದ್ದನು’ ಎಂದು ಬರೆದುಬಿಡುವವರಿದ್ದಾರೆ. ಶ್ಲೋಕವು ಹಾಗೆ ಹೇಳಿಲ್ಲ. ಪಿಷ್ಟಪುರವನ್ನು ಪುಡಿಮಾಡಿಸಿದ ಕವಿಗೆ ಕಾಂಚಿಯನ್ನು ಪುಡಿಮಾಡಿಸುವ ಪದಗಳು ದೊರೆಯದೆ ಹೋದುವೆ? ಶಬ್ದದಾರಿದ್ರ್ಯವು ರವಿಕೀರ್ತಿಗೆ ಇರಲಿಲ್ಲ. ಗೋಡೆಯ ಮೇಲೆ ಧೂಳು ಬಿದ್ದಿತು. ಪ್ರತಾಪವು ಗೋಡೆಯ ಹಿಂದಕ್ಕೆ ಸರಿಯಿತು. ಗೋಡೆಯು ಬಿದ್ದಿತೆಂದು ಕವಿಯು ಹೇಳಲಿಲ್ಲ. ಒಡನೆಯೇ ಅವನು ನಮ್ಮನ್ನು ಕಾವೇರಿಯ ದಡಕ್ಕೆ ಕರೆದೊಯ್ದು, ಪುಲಕೇಶಿಯು ಆ ನದಿಯನ್ನು ದಾಟಿ ಚೋಳ ಕೇರಳ ಪಾಂಡ್ಯರಿಗೆ ಅಭ್ಯುದಯಕಾರಿಯಾದನೆಂದು ಹೊಗಳುತ್ತಾನೆ. ಬೀಳದ ಕೋಟೆಯು ಬೆನ್ನಹಿಂದೆ ಉಳಿದಿರುವಾಗ ಮುಂದಿನ ನದಿಯನ್ನು ದಾಟಿದ ಸಂಭ್ರಮವನ್ನು ವರ್ಣಿಸುವ ಈ ಕ್ರಮವು ವಿಜಯವಾಕ್ಯಗಳ ಲಕ್ಷಣಗಳಲ್ಲಿ ಒಂದು.

ಕವಿಯು ಸುಳ್ಳು ಹೇಳಿದನೆ? ಇಲ್ಲ. ಹೇಳಿದ್ದು ಎಷ್ಟೆಂಬುದನ್ನು ಕ್ರಿಯಾಪದದಲ್ಲಿಯೇ ಇಟ್ಟಿದ್ದಾನೆ. ಅದಕ್ಕಿಂತ ಹೆಚ್ಚನ್ನು ಕೇಳಿಸಿಕೊಂಡವರು ನಾವು.

ಆದರೆ ಕಾವ್ಯದ ರಚನೆಯಿಂದ ಹುಟ್ಟುವ ಒಂದು ಭ್ರಮಕ್ಕೆ ಕವಿಯನ್ನೂ ಹೊಣೆಮಾಡಬೇಕಾಗುತ್ತದೆ. ಎಲ್ಲ ದಿಕ್ಕುಗಳನ್ನೂ ಜಯಿಸಿ, ಸೋತ ಅರಸರನ್ನು ಮರ್ಯಾದೆಯಿಂದ ಬೀಳ್ಕೊಟ್ಟು, ದೇವರನ್ನೂ ಬ್ರಾಹ್ಮಣರನ್ನೂ ಆರಾಧಿಸಿ, ವಾತಾಪಿಯನ್ನು ಹೊಕ್ಕು, ಕಡಲನ್ನೇ ಕಂದಕವಾಗಿ ಉಳ್ಳ ಭೂಮಿಯನ್ನೆಲ್ಲ ಒಂದೇ ನಗರವೋ ಎಂಬಂತೆ ಪುಲಕೇಶಿಯು ಆಳುತ್ತಿರುವನೆಂಬಲ್ಲಿಗೆ ದಿಗ್ವಿಜಯವು ಮುಗಿಯುತ್ತದೆ. ಕಾವ್ಯಕ್ಕೆ ನಿರ್ವಹಣವು ಬೇಕು. ಕವಿಯು ಅದನ್ನು ಒದಗಿಸಿದನು. ಯುದ್ಧಕ್ಕೆ ನಿರ್ವಹಣವು ಇನ್ನೂ ಬಂದಿರಲಿಲ್ಲ. ಶ್ಲೋಕಗಳು ಒಂದೊಂದಾಗಿ ನಿಜವಾಗಿದ್ದರೂ, ಮುಗಿಯದ ಕಾರ್ಯಕ್ಕೆ ಮುಗಿದ ಕಥೆಯ ಆಕಾರವು ಬಂದುದರಿಂದ ಸಮುದಾಯದಲ್ಲಿ ಅವು ದಾರಿತಪ್ಪಿಸುತ್ತವೆ.

(೪)

ಪ್ರತಿಪಕ್ಷದ ಲೇಖಗಳು ಇದಕ್ಕಿಂತ ಶುದ್ಧವೆಂದು ಯಾರೂ ಭಾವಿಸಬೇಕಾಗಿಲ್ಲ. ನೂರು ವರ್ಷಕ್ಕೂ ಮೇಲ್ಪಟ್ಟು ತರುವಾಯ ಪಲ್ಲವ ನಂದಿವರ್ಮನು ಕೊಟ್ಟ ಕಶಾಕುಡಿಯ ತಾಮ್ರಶಾಸನದಲ್ಲಿ, ಮಹೇಂದ್ರವರ್ಮನು ಪುಳ್ಳಲೂರಿನಲ್ಲಿ ತನ್ನ ಮುಖ್ಯಶತ್ರುಗಳನ್ನು ನಾಶಮಾಡಿದನೆಂದು ಹೇಳಿದೆ. ಶತ್ರುಗಳ ಹೆಸರಿಲ್ಲ. ಊರಿನ ಹೆಸರು ಮಾತ್ರ ಇದೆ. ಆ ಊರು ಕಾಂಚಿಗೆ ಹತ್ತಿರವಾಗಿದೆ. ಆ ಶತ್ರುಗಳು ಚಾಳುಕ್ಯರೇ ಎಂದು ವಿದ್ವಾಂಸರಲ್ಲಿ ಬಹುಜನರ ಅಭಿಪ್ರಾಯ. ಹಾಗಾದರೆ ಈ ವಿಜಯವಾಕ್ಯವು ತನ್ನ ಸ್ಥಳನಾಮದಿಂದಲೇ ಒಂದು ಸಂಕಟವನ್ನು ಒಪ್ಪಿಕೊಂಡಂತಾಯಿತು: ಶತ್ರುವು ರಾಜಧಾನಿಯ ಬಾಗಿಲಿಗೆ ಬಂದಿದ್ದನು. ತನ್ನ ಮನೆಯಂಗಳದಲ್ಲಿ ಗಳಿಸಿದ ಜಯವು ಜಯವೇ ಸರಿ. ಆದರೆ ಅದು ಅಂಗಳದವರೆಗೆ ಬಂದ ಅಪಾಯಕ್ಕೂ ಸಾಕ್ಷಿ. ಐಹೊಳೆಯ ಧೂಳನ್ನೂ ಪುಳ್ಳಲೂರಿನ ಗೆಲುವನ್ನೂ ಜೊತೆಗಿಟ್ಟು ಓದಿದರೆ ವಿರೋಧವು ಪರಿಹಾರವಾಗುತ್ತದೆ. ಚಾಳುಕ್ಯಸೇನೆಯು ಕಾಂಚಿಯ ಸಮೀಪಕ್ಕೆ ಬಂದಿತು, ನಗರವು ಕೈಸೇರಲಿಲ್ಲ. ಇಬ್ಬರೂ ಅರ್ಧರ್ಧವನ್ನು ಕೆತ್ತಿಸಿದರು.

ಪರಮೇಶ್ವರವರ್ಮನ ಕೂರಂ ತಾಮ್ರಶಾಸನದಲ್ಲಿ ನರಸಿಂಹವರ್ಮನ ಜಯಗಳು ವರ್ಣಿತವಾಗಿವೆ. ಪರಿಯಳ, ಮಣಿಮಂಗಲ, ಶೂರಮಾರ ಮೊದಲಾದ ಕದನಗಳಲ್ಲಿ ಬೆನ್ನುತೋರಿಸಿದ ಪುಲಕೇಶಿಯ ಬೆನ್ನನ್ನೇ ಪತ್ರವನ್ನಾಗಿ ಮಾಡಿಕೊಂಡು ಅದರ ಮೇಲೆ ‘ವಿಜಯ’ವೆಂಬ ಅಕ್ಷರಗಳನ್ನು ಬರೆದನಂತೆ. ಓಡುವವನ ಬೆನ್ನಿನ ಮೇಲೆ ಅಕ್ಷರವನ್ನು ಬರೆಯುವುದು ಪ್ರತ್ಯಕ್ಷವಿರುದ್ಧ, ಇದು ಗುಣವಾದ. ಊರುಗಳ ಹೆಸರುಗಳಾದರೋ ಭೂತಾರ್ಥವಾದ. ಮಣಿಮಂಗಲವೂ ಕಾಂಚಿಗೆ ದೂರವಲ್ಲ. ಎಂದರೆ ಐಹೊಳೆಯ ಕಾವ್ಯದಲ್ಲಿ ಮುಗಿದಂತೆ ತೋರಿದ ಯುದ್ಧವು ಅದೇ ನೆಲದಲ್ಲಿ ಮತ್ತೊಮ್ಮೆ ನಡೆಯಿತು. ಇನ್ನು ವಾತಾಪಿಯ ಪತನವನ್ನು ಪಲ್ಲವರು ಅಗಸ್ತ್ಯನು ವಾತಾಪಿಯೆಂಬ ಅಸುರನನ್ನು ಜೀರ್ಣಿಸಿಕೊಂಡುದಕ್ಕೆ ಹೋಲಿಸಿದರು. ಹೋಲಿಕೆಯು ಅಲಂಕಾರ. ಆದರೆ ಬಾದಾಮಿಯ ಬಂಡೆಯ ಮೇಲೆಯೇ ನರಸಿಂಹವರ್ಮನ ಶಾಸನವು ಶಿಥಿಲಾವಸ್ಥೆಯಲ್ಲಿ ಉಳಿದುಬಂದಿದೆ. ಶತ್ರುವಿನ ರಾಜಧಾನಿಯ ಕಲ್ಲಿನಲ್ಲಿ ಕೆತ್ತಿದ ವಾಕ್ಯವು ತನ್ನ ಸ್ಥಾನದಿಂದಲೇ ಪ್ರಮಾಣವಾಗುತ್ತದೆ.

ಈ ಪತನವನ್ನು ಚಾಳುಕ್ಯರ ಶಾಸನಗಳು ಹೇಗೆ ಹೇಳುತ್ತವೆ? ಅದು ನಡೆದಾಗ ಹೇಳಲಿಲ್ಲ. ಸುಮಾರು ೬೫೫ರಲ್ಲಿ ಮೊದಲನೆಯ ವಿಕ್ರಮಾದಿತ್ಯನು ರಾಜ್ಯವನ್ನು ಮರಳಿ ಪಡೆದ ಮೇಲೆ, ಮೂವರು ಅರಸರಿಂದ ಮರೆಯಾಗಿದ್ದ ತಂದೆಯ ರಾಜ್ಯಶ್ರೀಯನ್ನು ಅವನು ಮತ್ತೆ ತನ್ನದಾಗಿ ಮಾಡಿಕೊಂಡನೆಂದೂ, ನಿಂತುಹೋಗಿದ್ದ ದೇವಬ್ರಾಹ್ಮಣರ ದತ್ತಿಗಳನ್ನು ಮತ್ತೆ ನಡೆಯುವಂತೆ ಮಾಡಿದನೆಂದೂ ತಾಮ್ರಶಾಸನಗಳು ಹೇಳುತ್ತವೆ. ಹದಿಮೂರು ವರ್ಷಗಳ ಕೇಡು ಒಂದು ವಿಶೇಷಣದಲ್ಲಿ ಅಡಗಿಹೋಯಿತು. ನಷ್ಟದ ಸುದ್ದಿಯು ಅದು ಭರ್ತಿಯಾಯಿತೆಂಬ ಸುದ್ದಿಯ ಒಳಗೆ ಮಾತ್ರ ಹೊರಬೀಳುತ್ತದೆ. ಈ ನಿಯಮವು ಶಾಸನಗಳಿಗೆ ಮಾತ್ರ ಸೀಮಿತವಾದುದಲ್ಲ.

ಯುದ್ಧವು ಅಲ್ಲಿಗೂ ನಿಲ್ಲಲಿಲ್ಲ. ೬೭೪ರ ಗದ್ವಾಲ ಶಾಸನದಲ್ಲಿ ವಿಕ್ರಮಾದಿತ್ಯನು ಕಾಂಚಿಯನ್ನು ಹಿಡಿದವನು, ಕಾವೇರಿಯ ದಕ್ಷಿಣತೀರದ ಉರಗಪುರದಲ್ಲಿ ಪಾಳೆಯವನ್ನು ಬಿಟ್ಟವನು. ಕೂರಂ ಶಾಸನದಲ್ಲಿ ಅದೇ ವಿಕ್ರಮಾದಿತ್ಯನು ಲಕ್ಷಾಂತರ ಸೈನ್ಯವಿದ್ದೂ ಚಿಂದಿಯನ್ನು ಹೊದ್ದು ಓಡಿಹೋದವನು. ಎಂಟನೆಯ ಶತಮಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯನು ಕಾಂಚಿಯನ್ನು ಹೊಕ್ಕನೆಂಬುದು ಮಾತ್ರ ನಿರ್ವಿವಾದ. ಕಾಂಚಿಯ ರಾಜಸಿಂಹೇಶ್ವರದ, ಎಂದರೆ ಈಗಿನ ಕೈಲಾಸನಾಥ ದೇವಾಲಯದ ಕಂಬದ ಮೇಲೆ, ಆ ದೇವರ ಸಂಪತ್ತನ್ನು ನೋಡಿ ಅದನ್ನು ದೇವರಿಗೇ ಬಿಟ್ಟುಕೊಟ್ಟನೆಂಬ ಕನ್ನಡಶಾಸನವು ಇಂದಿಗೂ ಇದೆ. ಪಟ್ಟದಕಲ್ಲಿನಲ್ಲಿ ಅವನ ರಾಣಿಯಾದ ಲೋಕಮಹಾದೇವಿಯು ಎತ್ತಿಸಿದ ಮಹಾದೇವಾಲಯವು ಕಾಂಚಿಯ ಜಯದ ಸ್ಮಾರಕ. ಇಷ್ಟು ನಿಶ್ಚಿತವಾದ ಜಯದ ಫಲವೇನು? ಆ ವಿಕ್ರಮಾದಿತ್ಯನು ತೀರಿಕೊಂಡು ಹತ್ತು ವರ್ಷಗಳು ಕಳೆಯುವಷ್ಟರಲ್ಲಿ ರಾಷ್ಟ್ರಕೂಟ ದಂತಿದುರ್ಗನು ಚಾಳುಕ್ಯರ ಪ್ರಭುತ್ವವನ್ನು ಮುರಿದನು. ನೂರಕ್ಕೂ ಹೆಚ್ಚು ವರ್ಷಗಳ ಕಾಲ ಎರಡು ಕಡೆಯವರೂ ‘ಗೆದ್ದೆವು’ ಎಂದು ಕೆತ್ತಿಸುತ್ತಲೇ ಇದ್ದರು.

ಈ ಪರೀಕ್ಷೆಯಿಂದ ನಾಲ್ಕು ಪ್ರಶ್ನೆಗಳು ಸಿದ್ಧಿಸುತ್ತವೆ. ಕ್ರಿಯಾಪದವು ನಿಜವಾಗಿ ಏನನ್ನು ಹೇಳುತ್ತದೆ? ಜಯವು ನಡೆದ ಸ್ಥಳ ಯಾವುದು? ಯಾವುದನ್ನು ಕುರಿತು ಮೌನವಾಗಿದೆ? ಈ ಪಕ್ಷಕ್ಕೂ ಆ ಪಕ್ಷಕ್ಕೂ ಸೇರದ ಸಾಕ್ಷಿ ಯಾರು?

(೫)

ಈ ಪ್ರಶ್ನೆಗಳನ್ನು ಈಗ ವಿಯೆಟ್ನಾಮಿನ ಯುದ್ಧಕ್ಕೆ ಹಾಕೋಣ. ಪ್ರಶಸ್ತಿಯ ಸ್ಥಾನಕ್ಕೆ ಅಲ್ಲಿ ಸೇನಾಪತಿಯ ಭಾಷಣವೂ ಶ್ಲೇಷೆಯ ಸ್ಥಾನಕ್ಕೆ ಅಂಕಿಯೂ ಬಂದಿದ್ದುವು. ವಾಕ್ಯದ ಜಾತಿಯು ಬದಲಾಗಿರಲಿಲ್ಲ. ೧೯೬೭ರ ನವೆಂಬರ್ ೨೧ರಂದು ಅಮೆರಿಕದ ಸೇನಾಪತಿ ವೆಸ್ಟ್‌ಮೋರ್‌ಲ್ಯಾಂಡರು ವಾಷಿಂಗ್‌ಟನ್ನಿನ ಪತ್ರಕರ್ತರ ಕೂಟದಲ್ಲಿ ಮಾತನಾಡಿ, ಯುದ್ಧದ ಕೊನೆಯು ಕಣ್ಣಿಗೆ ಬೀಳತೊಡಗುವ ಘಟ್ಟವನ್ನು ಮುಟ್ಟಿದ್ದೇವೆಂದು ಹೇಳಿದರು. ಕ್ರಿಯಾಪದವನ್ನು ಗಮನಿಸಬೇಕು. ಕೊನೆಯು ಬಂದಿತೆಂದಲ್ಲ, ಕಾಣತೊಡಗಿತು. ಐಹೊಳೆಯ ಧೂಳಿನಂತೆ ಇದೂ ಕಣ್ಣಿಗೆ ಸಂಬಂಧಪಟ್ಟ ಮಾತೇ. ಕೇಳಿದವರು ಮಾತ್ರ ಕೊನೆಯು ಹತ್ತಿರವಾಯಿತೆಂದು ತಿಳಿದರು.

ಆ ಯುದ್ಧದಲ್ಲಿ ಮುಂದೆ ಸರಿಯುವ ಗಡಿರೇಖೆಯಿರಲಿಲ್ಲ. ಊರನ್ನು ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು ಹೀಗೆ ನಡೆಯುತ್ತಿದ್ದುದರಿಂದ, ಸ್ಥಳನಾಮದ ಬದಲಾಗಿ ಸತ್ತ ಶತ್ರುಗಳ ಎಣಿಕೆಯೇ ಪ್ರಗತಿಯ ಅಳತೆಯಾಯಿತು. ಇಲ್ಲಿ ಕರಣಾಪಾಟವವು ಸ್ಪಷ್ಟವಾಗಿದೆ. ಹೆಚ್ಚು ಎಣಿಕೆಯನ್ನು ಕೊಟ್ಟ ಅಧಿಕಾರಿಗೆ ಮನ್ನಣೆಯು ದೊರೆಯುತ್ತಿದ್ದುದರಿಂದ ಎಣಿಕೆಯು ಬೆಳೆಯಿತು. ಬಿದ್ದ ಹೆಣವು ಯೋಧನದೋ ರೈತನದೋ ಎಂಬುದನ್ನು ಬಿಡಿಸಿ ಹೇಳುವ ಗೋಜಿಗೆ ಅನೇಕರು ಹೋಗಲಿಲ್ಲ. ಬೆನ್ನಿನ ಮೇಲೆ ಬರೆದ ಅಕ್ಷರಗಳನ್ನು ಗುಣವಾದವೆಂದು ನಾವು ನಕ್ಕು ಬಿಡಬಹುದು. ಅಂಕಿಯಾದರೋ ಅಲಂಕಾರದಂತೆ ಕಾಣುವುದಿಲ್ಲ. ಆದುದರಿಂದ ಅದು ಅಲಂಕಾರಕ್ಕಿಂತ ಬೇಗ ಮೋಸಗೊಳಿಸುತ್ತದೆ.

ಮೌನದ ಉದಾಹರಣೆಯೂ ಅಲ್ಲಿಯೇ ಇದೆ. ೧೯೬೭ರಲ್ಲಿ ಶತ್ರುಬಲವು ಎಷ್ಟೆಂಬ ವಿಷಯದಲ್ಲಿ ಅಮೆರಿಕದ ಗುಪ್ತಚರ ಇಲಾಖೆಗೂ ಸೈಗಾನಿನ ಸೇನಾಕಚೇರಿಗೂ ವಿವಾದವು ನಡೆಯಿತು. ಇಲಾಖೆಯ ಕೆಲವು ವಿಮರ್ಶಕರ ಲೆಕ್ಕವು ಐದು ಲಕ್ಷದ ಆಚೀಚೆ ಇದ್ದಿತು. ಹಳ್ಳಿಗಳಲ್ಲಿದ್ದ ಆತ್ಮರಕ್ಷಣೆಯ ಪಡೆಗಳನ್ನು ಎಣಿಕೆಯಿಂದ ಕೈಬಿಟ್ಟು ಸೇನಾಕಚೇರಿಯು ಮೊತ್ತವನ್ನು ಮೂರು ಲಕ್ಷದೊಳಗೆ ನಿಲ್ಲಿಸಿತು; ಕೊನೆಗೆ ಅದರ ಮಾತೇ ನಡೆಯಿತು. ಇಲ್ಲದ್ದನ್ನು ಯಾರೂ ಸೇರಿಸಲಿಲ್ಲ. ಇದ್ದ ಒಂದು ವರ್ಗವನ್ನು ಹೆಸರಿನಿಂದ ತೆಗೆದುಹಾಕಿದರು. ಕಶಾಕುಡಿಯ ಶಾಸನದಲ್ಲಿ ಶತ್ರುವಿನ ಹೆಸರು ಕಾಣದೆ ಹೋದಂತೆ ಇಲ್ಲಿ ಶತ್ರುವಿನ ಒಂದು ಭಾಗವೇ ಕಾಣದೆ ಹೋಯಿತು.

೧೯೬೮ರ ಜನವರಿ ಕೊನೆಯಲ್ಲಿ, ಟೆಟ್ ಎಂಬ ಹೊಸವರ್ಷದ ಹಬ್ಬದ ಸಮಯದಲ್ಲಿ, ನೂರಕ್ಕೂ ಹೆಚ್ಚು ಪಟ್ಟಣಗಳ ಮೇಲೆ ಏಕಕಾಲದಲ್ಲಿ ದಾಳಿಯು ನಡೆಯಿತು. ಸೈಗಾನಿನ ಅಮೆರಿಕದ ರಾಯಭಾರಕಚೇರಿಯ ಆವರಣದೊಳಕ್ಕೂ ದಾಳಿಗಾರರು ನುಗ್ಗಿದರು. ದಾಳಿಯು ಸೈನಿಕದೃಷ್ಟಿಯಿಂದ ವಿಫಲವಾಯಿತು. ದಾಳಿ ಮಾಡಿದವರಿಗೆ ಭಾರಿಯಾದ ನಷ್ಟವಾಯಿತು. ಹಿಡಿದ ಪಟ್ಟಣಗಳು ಅವರಲ್ಲಿ ಉಳಿಯಲಿಲ್ಲ. ಇದನ್ನು ಮರೆಮಾಡುವುದು ನ್ಯಾಯವಲ್ಲ. ಆದರೂ ಅಮೆರಿಕದ ಜನರ ನಂಬಿಕೆಯು ಒಡೆಯಿತು. ಅಲ್ಲಿ ಸೋತದ್ದು ಸೇನೆಯಲ್ಲ, ವಿಜಯವಾಕ್ಯ. ಕುಗ್ಗಿಹೋಗಿದ್ದಾನೆಂದು ಹತ್ತು ವಾರಗಳ ಹಿಂದೆ ಕೇಳಿದ್ದ ಶತ್ರುವು ರಾಜಧಾನಿಯ ಬೀದಿಯಲ್ಲಿ ಕಾಣಿಸಿಕೊಂಡನು. ಜಯದ ಸುದ್ದಿಯು ಪುಳ್ಳಲೂರಿನಿಂದ ಬಂದರೆ ಕಾಂಚಿಯವನು ಹೇಗೆ ಬೆಚ್ಚಬೇಕೋ ಹಾಗೆಯೇ ಇದು.

ಹನೋಯಿಯ ಹೇಳಿಕೆಗಳಿಗೂ ಇದೇ ನ್ಯಾಯವು ಸಲ್ಲಬೇಕು. ತಾನು ಕೆಡವಿದ ಅಮೆರಿಕದ ವಿಮಾನಗಳು ನಾಲ್ಕು ಸಾವಿರಕ್ಕೂ ಮೇಲೆಂದು ಆ ಸರ್ಕಾರವು ಸಾರಿತು. ಅಮೆರಿಕದ ಲೆಕ್ಕದಲ್ಲಿ ಉತ್ತರ ವಿಯೆಟ್ನಾಮಿನ ಮೇಲಿನ ನಷ್ಟವು ಅದಕ್ಕಿಂತ ಬಹಳ ಕಡಿಮೆ. ಟೆಟ್ ದಾಳಿಯೊಡನೆ ದಕ್ಷಿಣದ ಜನರೆಲ್ಲ ಏಕಕಾಲದಲ್ಲಿ ದಂಗೆಯೇಳುವರೆಂದು ಆ ಪಕ್ಷದ ನಾಯಕರು ನಿರೀಕ್ಷಿಸಿದ್ದರು, ದಂಗೆಯು ಏಳಲಿಲ್ಲ. ೧೯೭೫ರ ಏಪ್ರಿಲ್ ೩೦ರಂದು ಸೈಗಾನು ಬಿದ್ದಿತು. ಆದರೆ ಕೊನೆಯಲ್ಲಿ ಗೆದ್ದವನ ಮಧ್ಯಕಾಲದ ವಾಕ್ಯಗಳೆಲ್ಲವೂ ನಿಜವಾಗಿದ್ದುವೆಂದು ಅದರಿಂದ ಸಿದ್ಧಿಸುವುದಿಲ್ಲ.

ಅಧಿಕಾರಸ್ಥರಿಗೇ ನಿಜವು ತಿಳಿದಿತ್ತೆ? ೧೯೬೩ರ ಡಿಸೆಂಬರಿನಲ್ಲಿ ಸೈಗಾನಿಗೆ ಹೋಗಿಬಂದ ರಕ್ಷಣಾಮಂತ್ರಿ ಮೆಕ್‌ನಮಾರಾ ಅವರು ಪರಿಸ್ಥಿತಿಯು ಬಹಳ ಕಳವಳಕಾರಿಯೆಂದು ಅಧ್ಯಕ್ಷ ಜಾನ್ಸನ್ನರಿಗೆ ಗೋಪ್ಯವಾಗಿ ಬರೆದಿದ್ದರು. ೧೯೬೭ರಲ್ಲಿ ಅವರೇ ಆಜ್ಞಾಪಿಸಿ ಬರೆಯಿಸಿದ, ೪೭ ಸಂಪುಟಗಳ ಗೋಪ್ಯವಾದ ಚರಿತ್ರೆಯು ೧೯೭೧ರ ಜೂನ್ ತಿಂಗಳಿನಿಂದ ಪತ್ರಿಕೆಗಳಲ್ಲಿ ಹೊರಬಿದ್ದಾಗ, ಒಳಗಿನ ಮಾತಿಗೂ ಹೊರಗಿನ ಮಾತಿಗೂ ಇದ್ದ ಅಂತರವು ಬಯಲಾಯಿತು. ಹೀಗೆ ಒಂದೇ ಯುದ್ಧದಲ್ಲಿ ಕೆಳಗಿನ ಅಧಿಕಾರಿಯ ಕರಣಾಪಾಟವವೂ ನಡುವಿನವನ ಪ್ರಮಾದವೂ ಮೇಲಿನವನ ಭ್ರಮ ಅಥವಾ ವಿಪ್ರಲಿಪ್ಸೆಯೂ ಕೂಡಿ ಒಂದು ವಿಜಯವಾಕ್ಯವು ಸಿದ್ಧವಾಯಿತು. ಒಬ್ಬನನ್ನೇ ಸುಳ್ಳುಗಾರನೆಂದು ಹಿಡಿದು ತೋರಿಸಹೋದರೆ ಈ ರಚನೆಯು ಕಣ್ಣಿಗೆ ಬೀಳುವುದಿಲ್ಲ.

ಅಫಘಾನಿಸ್ತಾನದಿಂದ ಇನ್ನೊಂದು ಉದಾಹರಣೆಯನ್ನು ಕೊಟ್ಟು ಈ ಭಾಗವನ್ನು ಮುಗಿಸುತ್ತೇವೆ. ಎಷ್ಟು ತಾಲ್ಲೂಕುಗಳು ಸರ್ಕಾರದ ಹಿಡಿತದಲ್ಲಿವೆಯೆಂಬ ಲೆಕ್ಕವು ಅಲ್ಲಿ ಪ್ರಗತಿಯ ಒಂದು ಅಳತೆಯಾಗಿತ್ತು. ಆ ಲೆಕ್ಕವು ಇಳಿಮುಖವಾಗುತ್ತ ಬಂದ ಮೇಲೆ, ಅದನ್ನು ಮಾಡುವುದನ್ನೇ ಸೇನೆಯು ನಿಲ್ಲಿಸಿತೆಂದು ಅಮೆರಿಕದ ಶಾಸನಸಭೆಯು ಸ್ಥಾಪಿಸಿದ್ದ ವಿಶೇಷ ತನಿಖಾಕಚೇರಿಯು ೨೦೧೯ರ ಏಪ್ರಿಲ್ ತಿಂಗಳ ವರದಿಯಲ್ಲಿ ತಿಳಿಸಿತು. ಅಫಘಾನ ಸರ್ಕಾರದ ಪಡೆಯು ಪುಸ್ತಕದಲ್ಲಿ ಮೂರು ಲಕ್ಷದಷ್ಟು. ಅದರಲ್ಲಿ ಸಂಬಳದ ಪಟ್ಟಿಯಲ್ಲಿ ಮಾತ್ರ ಇದ್ದ ಸೈನಿಕರೂ ಸೇರಿದ್ದರೆಂದು ಅದೇ ಕಚೇರಿಯು ಎಚ್ಚರಿಸುತ್ತಲೇ ಇತ್ತು. ೨೦೨೧ರ ಆಗಸ್ಟ್ ೧೫ರಂದು ಕಾಬೂಲು ತಾಲಿಬಾನರ ವಶವಾಯಿತು. ಅಳತೆಗೋಲನ್ನು ಯಾವಾಗ ಒಳಗಿಟ್ಟರು ಎಂಬುದೇ ಇಂತಹ ಕಡೆ ಅತಿ ದೊಡ್ಡ ಸುದ್ದಿ. ಇಲ್ಲಿ ಗಮನಿಸಬೇಕಾದ ಮತ್ತೊಂದು ಸಂಗತಿಯೇನೆಂದರೆ, ಈ ಎಚ್ಚರಿಕೆಯು ಅದೇ ರಾಜ್ಯದ ಒಂದು ಕಚೇರಿಯಿಂದ, ಯುದ್ಧವು ನಡೆಯುತ್ತಿರುವಾಗಲೇ ಬಂದಿತು. ಪ್ರಭುವಾಕ್ಯವೆಲ್ಲವೂ ಸುಳ್ಳೆನ್ನುವವರು ಇದಕ್ಕೆ ಉತ್ತರ ಹೇಳಬೇಕಾಗುತ್ತದೆ.

(೬)

ಇಲ್ಲಿ ಒಂದು ಆಕ್ಷೇಪವು ಬರುತ್ತದೆ. ಯುದ್ಧವು ನಡೆಯುತ್ತಿರುವಾಗ ಸ್ವಪಕ್ಷದ ವಾಕ್ಯವನ್ನು ಶಂಕಿಸಿದರೆ ಸೈನಿಕರ ಧೈರ್ಯವು ಕುಗ್ಗುವುದಿಲ್ಲವೆ? ಉತ್ಸಾಹವನ್ನು ಹುಟ್ಟಿಸುವುದೇ ಅರ್ಥವಾದದ ಪ್ರಯೋಜನವೆಂದು ಮೇಲೆ ಹೇಳಿದ ಮೇಲೆ, ಅದರಲ್ಲಿ ಯಥಾರ್ಥವನ್ನು ಹುಡುಕುವುದು ಅನುಚಿತವಲ್ಲವೆ?

ಸಮಾಧಾನ: ರಣರಂಗದ ಮುಂದೆ ನಿಂತು ಭೇರಿಯನ್ನು ಬಾರಿಸುವವನನ್ನು ಯಾರೂ ಪ್ರಮಾಣಪರೀಕ್ಷೆಗೆ ಒಳಪಡಿಸುವುದಿಲ್ಲ. ಅರ್ಥವಾದವು ಪ್ರವೃತ್ತಿಗೆ ಸಹಾಯಮಾಡುವಷ್ಟರಲ್ಲಿ ನಿಲ್ಲುವವರೆಗೆ ದೋಷವಿಲ್ಲ. ಅದೇ ವಾಕ್ಯವನ್ನು ಹೇತುವಾಗಿ ಹಿಡಿದು, ‘ಜಯವು ಸಮೀಪಿಸಿದೆ, ಆದುದರಿಂದ ಇನ್ನೂ ಐವತ್ತು ಸಾವಿರ ಮಂದಿಯನ್ನು ಕಳುಹಿಸಿ’ ಎಂದು ಅನುಮಾನವನ್ನು ಕಟ್ಟಿದಾಗ ಅದು ಅರ್ಥವಾದವಾಗಿ ಉಳಿಯುವುದಿಲ್ಲ. ಹೇತುವಿನ ಸ್ಥಾನಕ್ಕೆ ಬಂದ ವಾಕ್ಯವು ಹೇತುಪರೀಕ್ಷೆಗೆ ಒಳಗಾಗಲೇಬೇಕು. ಅಸಿದ್ಧವಾದ ಹೇತುವಿನಿಂದ ನ್ಯಾಯಶಾಸ್ತ್ರದ ವಿದ್ಯಾರ್ಥಿಯು ವಾದದಲ್ಲಿ ಸೋಲುತ್ತಾನೆ. ರಾಜ್ಯದಲ್ಲಾದರೋ ಅದರ ಬೆಲೆಯನ್ನು ತೆರುವವರು ಆ ವಾಕ್ಯವನ್ನು ರಚಿಸದ ಬೇರೆಯ ಮಂದಿ.

ಇದಲ್ಲದೆ, ಪರೀಕ್ಷಿಸುವವನು ಶತ್ರುಪಕ್ಷದವನೆಂದು ತಿಳಿಯುವುದೂ ಸರಿಯಲ್ಲ. ವ್ಯಾಸರು ಯುದ್ಧವಾರ್ತೆಯನ್ನು ಹೇಳುವುದಕ್ಕೆ ನಿಯಮಿಸಿದ ಸಂಜಯನು ಧೃತರಾಷ್ಟ್ರನ ಅನ್ನವನ್ನು ಉಂಡವನು, ಸೋಲುತ್ತಿದ್ದ ಪಕ್ಷದವನು. ಆದರೂ ಅವನು ಭೀಷ್ಮನ ಪತನವನ್ನು ಮೊದಲು ಹೇಳಿ, ಆಮೇಲೆ ಹತ್ತು ದಿನಗಳ ಕದನವನ್ನು ವಿಸ್ತರಿಸಿದನು. ದುಃಖದ ಸಂಗತಿಯನ್ನು ವಿಶೇಷಣದಲ್ಲಿ ಅಡಗಿಸಲಿಲ್ಲ, ಭರ್ತಿಯಾಗುವವರೆಗೆ ಕಾಯಲಿಲ್ಲ. ಧೃತರಾಷ್ಟ್ರನು ಆ ವಾರ್ತೆಯಿಂದ ಪ್ರಯೋಜನವನ್ನು ಪಡೆಯಲಿಲ್ಲವೆಂಬುದು ಕೇಳಿದವನ ದೋಷವೇ ಹೊರತು ಹೇಳಿದವನದಲ್ಲ.

ಕೊನೆಯದಾಗಿ ಉಪಾಧ್ಯಾಯಮಹಾಶಯರಲ್ಲಿ ಒಂದು ವಿಜ್ಞಾಪನೆ. ಐಹೊಳೆಯ ಪ್ರಶಸ್ತಿಯನ್ನು ಒಂಟಿಯಾಗಿ ಪಾಠ ಹೇಳುವುದನ್ನು ಬಿಟ್ಟು, ಕಶಾಕುಡಿ, ಕೂರಂ, ಗದ್ವಾಲ ಶಾಸನಗಳ ಭಾವವನ್ನೂ ಬಾದಾಮಿಯ ಬಂಡೆಯ ಲೇಖವನ್ನೂ ಅದರ ಪಕ್ಕದಲ್ಲಿಟ್ಟು ಹೇಳಬೇಕು. ರವಿಕೀರ್ತಿಯ ಕವಿತ್ವಕ್ಕೆ ಇದರಿಂದ ಯಾವ ಕುಂದೂ ಇಲ್ಲ. ಕಾಂಚಿಯ ಗೋಡೆಯ ಮೇಲೆ ಧೂಳನ್ನು ಮಾತ್ರ ಬೀಳಿಸಿದ ಅವನ ಪದಸಂಯಮವು ಆಗಲೇ ವಿದ್ಯಾರ್ಥಿಗೆ ಗೋಚರವಾಗುತ್ತದೆ. ಹದಿನಾಲ್ಕು ಶತಮಾನಗಳ ಹಿಂದಿನ ವಾಕ್ಯದಲ್ಲಿ ಕ್ರಿಯಾಪದವನ್ನೂ ಸ್ಥಳನಾಮವನ್ನೂ ಮೌನವನ್ನೂ ಸಾಕ್ಷಿಯನ್ನೂ ವಿಚಾರಿಸುವುದನ್ನು ಕಲಿತ ವಿದ್ಯಾರ್ಥಿಯು, ಈ ದಿನದ ಪತ್ರಿಕೆಯಲ್ಲಿ ಯಾವ ದೇಶದ ಯುದ್ಧವಾರ್ತೆಯನ್ನು ಓದಿದರೂ, ನಂಬುವುದಕ್ಕೆ ಮೊದಲೂ ನಗುವುದಕ್ಕೆ ಮೊದಲೂ ಇನ್ನೊಮ್ಮೆ ಓದುತ್ತಾನೆ. ಈ ಕ್ರಮದಲ್ಲಿ ನ್ಯೂನತೆಗಳಿದ್ದರೆ ವಿದ್ವಾಂಸರು ಈ ಪತ್ರಿಕೆಯ ಮುಂದಿನ ಸಂಚಿಕೆಗಳಲ್ಲಿ ತೋರಿಸಿಕೊಡಬೇಕೆಂದು ಪ್ರಾರ್ಥಿಸುತ್ತೇವೆ.